ಕಾಪುವಿನ ಬಂಡೆಯಿಂದ ಎರಡು ಬಾಟ್ಲಿ

ಕಾರ್ಕಳದಿಂದ ಮೊದಲ ಬಸ್ಸು ಹಿಡಿದು ಬೆಳ್ಮಣ್, ಪಡುಬಿದ್ರಿ ದಾರಿಯಾಗಿ ಕಾಪು ಮುಟ್ಟಿದಾಗ ಆಗಷ್ಟೇ ಬೆಳಕು ಹರಿದಿತ್ತು. ಎರಡು ಸಾವಿರದ ಇಸವಿ ಕಳೆದ ಮೇಲಿನ ಒಂದು ಜನವರಿ. ಕೈಚೀಲದಲ್ಲಿ ತೊಳೆದ ಎರಡು ಉಪ್ಪಿನಕಾಯಿ ಬಾಟ್ಲಿಗಳಿದ್ದವು.

ನನ್ನ ಹೆಂಡತಿ ಸುಮತಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವಳು. ಈಗ ಮಣಿಪಾಲದ ಆಸ್ಪತ್ರೆಯಲ್ಲಿದ್ದಳು. ಇನ್ನು ಮಾಡಲು ಏನೂ ಇಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಅವಳು ಜೀವಮಾನವಿಡೀ ಬಿದ್ದದ್ದು ಜಿಮ್ನೊಡೋರಿಸ್ ಎಂಬ, ಚಿಪ್ಪಿಲ್ಲದ ಕಡಲ ಹುಳಗಳ ಕುಲದ ಹಿಂದೆ. ಅದರಲ್ಲಿ ಒಂದು ಜಾತಿ ಬರೇ ಮೊಟ್ಟೆ ತಿನ್ನುತ್ತದಂತೆ, ಇನ್ನೊಂದು ಮೀನಿನ ರೆಕ್ಕೆಗೆ ಕಚ್ಚಿ ಜೋತು ಬೀಳುತ್ತದಂತೆ. ಬಿಳಿ ಮೈಗೆ ಕಿತ್ತಳೆ ಚುಕ್ಕಿ ಇರುವಂಥದ್ದು ಕಡಲ ಮೊಲವೆಂಬ ಕಂದು ಹುಳವನ್ನು ನುಂಗುತ್ತದೆ. ಆ ನುಂಗುವುದನ್ನು ಮಾತ್ರ ಅವಳು ಒಮ್ಮೆಯೂ ಕಂಡಿರಲಿಲ್ಲ. ನಾವು ಜೈನರು. ಒಂದು ಜೀವದ ಬಾಯಿಗೆ ಇನ್ನೊಂದನ್ನು ಕೈಯಾರೆ ಒಡ್ಡಲು ಅವಳಿಗೆ ಮನಸ್ಸಾಗಿರಲಿಲ್ಲ. ಈಗ ಅವಳೇ, "ಎರಡನ್ನೂ ತನ್ನಿ, ಒಮ್ಮೆ ನೋಡಬೇಕು" ಅಂದಿದ್ದಳು.

ಇಷ್ಟು ವರ್ಷ ಅವಳ ಚಪ್ಪಲಿ, ಕೊಡೆ ಹಿಡಿದು ಮರಳಿನ ಮೇಲೆ ನಿಂತವನು ನಾನು. ಬಟ್ಟೆ ಅಂಗಡಿಯವನಿಗೆ ಹುಳದ ಉಸಾಬರಿ ಯಾಕೆ? ಅವತ್ತು ದೀಪಸ್ತಂಭದ ಬುಡದಲ್ಲಿ, ಇಳಿತದ ನೀರಲ್ಲಿ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯಿತು. ಕೊನೆಗೆ ಒಂದೇ ಹೊಂಡದಲ್ಲಿ ಎರಡೂ ಸಿಕ್ಕವು. ಪೇಟೆಯಲ್ಲಿ ಬನ್ಸ್ ತಿಂದು ಉಡುಪಿ ಬಸ್ಸು ಹತ್ತಿದೆ.

ಕಂಡಕ್ಟರ್ ಬಾಟ್ಲಿಗೆ ಬಗ್ಗಿದ. "ಎಂತ ಇದು? ಮದ್ದಿಗಾ?"

"ಅಲ್ಲ, ಮಣಿಪಾಲಕ್ಕೆ, ನೋಡ್ಲಿಕ್ಕೆ."

"ಹುಳ ನೋಡ್ಲಿಕ್ಕೆ ಮಣಿಪಾಲಕ್ಕಾ ಮಾರಾಯ್ರೆ!" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಆಸ್ಪತ್ರೆಯಲ್ಲಿ ಸುಮತಿ ಬಾಟ್ಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದೇ" ಅಂದಳು. ಎರಡನ್ನೂ ಸ್ಟೀಲಿನ ಬಟ್ಟಲಿಗೆ ಹೊಯ್ದೆವು. ಬಿಳಿಯದು ಮುದುಡಿ ಮಲಗಿತು. ಮಧ್ಯಾಹ್ನ ಕಳೆದರೂ ಅಲ್ಲಾಡಲಿಲ್ಲ.

"ಅಮ್ಮ, ಇದೆಲ್ಲ ಇಲ್ಲಿ ಇಡ್ಲಿಕ್ಕಿಲ್ಲ, ನಮಗೆ ಬೈಗುಳ ಬೀಳ್ತದೆ," ಅಂದಳು ನರ್ಸ್.

ಸುಮತಿ ನನ್ನ ಕಡೆ ತಿರುಗಿದಳು. "ನೀರು ಬಿಸಿಯಾದರೆ ಎರಡೂ ಸಾಯ್ತವೆ. ಸಂಜೆ ಪುನಃ ಇಳಿತ ಉಂಟು, ಬಿಟ್ಟು ಬನ್ನಿ. ಅಲ್ಲಿ ಅದು ಹಿಡಿದರೆ ಸರಿಯಾಗಿ ನೋಡಿ ಬಂದು ಹೇಳಿ, ಆಯ್ತಾ? ನನ್ನ ಬದಲು ನೀವು."

ಮತ್ತೆ ಸಿಟಿ ಬಸ್ಸು, ಮತ್ತೆ ಉಡುಪಿ, ಮತ್ತೆ ಕಾಪು. ಹೊತ್ತು ಮುಳುಗುತ್ತಿತ್ತು. ಅದೇ ಹೊಂಡಕ್ಕೆ ಎರಡನ್ನೂ ದೂರದೂರ ಬಿಟ್ಟೆ. ಸ್ವಂತ ನೀರು ತಾಗಿದ್ದೇ ಬಿಳಿಯದು ಮೈ ಚಾಚಿತು. ಕಂದು ಹುಳ ಹೋದ ದಾರಿಯಲ್ಲೇ, ಅವಸರವಿಲ್ಲದೆ ಹಿಂಬಾಲಿಸಿತು. ಮಣಿಪಾಲದ ಮಂಚದ ಮೇಲೂ ನಡೆಯುತ್ತಿರುವುದು ಇದೇ ಅನಿಸಿತು. ಬೆರಳಿಟ್ಟರೆ ತಪ್ಪಿಸಬಹುದಿತ್ತು. ಇಡಲಿಲ್ಲ. ಹತ್ತಿರ ಬಂತು, ಬಾಯಿ ತೆರೆಯಿತು. ಮತ್ತೆ ನಾನು ನೋಡಿದಾಗ ಹೊಂಡದಲ್ಲಿ ಇದ್ದದ್ದು ಒಂದೇ, ಉಬ್ಬಿದ ಮೈಯದು.

ಮಣಿಪಾಲ ಮುಟ್ಟುವಾಗ ಕತ್ತಲಾಗಿತ್ತು; ಹೊತ್ತು ಮುಳುಗಿದ ಮೇಲೆ ಉಣ್ಣದವನು ನಾನು, ಊಟದ ಹೊತ್ತು ಮೀರಿತ್ತು. ಸುಮತಿ ಎಚ್ಚರವಾಗಿದ್ದಳು.

"ಹಿಡಿಯಿತಾ?"

"ಹಿಡಿಯಿತು."

ಅವಳ ಮುಖ ಅರಳಿತು. ಎಷ್ಟೋ ವಾರಗಳಿಂದ ನಾನು ಅದನ್ನು ಕಂಡಿರಲಿಲ್ಲ. "ತಲೆಯಿಂದ ನುಂಗಿತಾ, ಬಾಲದಿಂದಲಾ?"

"ಕಣ್ಣು ಮುಚ್ಚಿಬಿಟ್ಟೆ, ಸುಮತಿ."

ಅವಳು ನನ್ನ ಒದ್ದೆ ಪಂಚೆಯ ಅಂಚು ಮುಟ್ಟಿ, "ನಾನಾದರೂ ಮುಚ್ಚುತ್ತಿದ್ದೆ," ಅಂದಳು.

ಅದು ನನ್ನ ಸಮಾಧಾನಕ್ಕೆ ಆಡಿದ ಮಾತು. ಕಾಪುವಿನ ಬಂಡೆಯ ಮೇಲೆ ಅವಳು ಯಾವತ್ತೂ ಕಣ್ಣು ಮುಚ್ಚಿದವಳಲ್ಲ.