ಅಮ್ಮನ ಮೂರು ದಿನದ ರಜೆ

ಆಗ ನಮ್ಮ ಮನೆಯಲ್ಲಿ ಎಲ್ಲರಿಗೂ ರಜೆ ಅಂತ ಒಂದಿತ್ತು. ನನಗೆ ಬೇಸಿಗೆ ರಜೆ. ಅಪ್ಪನಿಗೆ ಮಧ್ಯಾಹ್ನದ ಪೂಜೆ ಮುಗಿದರೆ ಸಂಜೆ ದೀಪದವರೆಗೆ ರಜೆ. ಮೂರು ವರ್ಷದ ತಂಗಿ ಪುಟ್ಟಿಗಂತೂ ಹುಟ್ಟಿದಾಗಿನಿಂದಲೂ ರಜೆ. ಅಮ್ಮನಿಗೆ ಮಾತ್ರ ತಿಂಗಳಿಗೆ ಮೂರೇ ದಿನ. ಆ ಮೂರು ದಿನ ಅವಳು ಹಿತ್ತಲ ಕಡೆಯ ಕೋಣೆಯಲ್ಲಿ ಚಾಪೆ ಹಾಕಿಕೊಂಡು ದೂರ ಕೂರುತ್ತಿದ್ದಳು. ಅಡುಗೆಮನೆ, ದೇವರ ಕೋಣೆ, ಬಾವಿಕಟ್ಟೆ, ಯಾವುದರ ಹತ್ತಿರವೂ ಸುಳಿಯುವಂತಿರಲಿಲ್ಲ. ಯಾಕೆ ಎಂದು ಕೇಳಿದರೆ ಅಜ್ಜಿ, "ಕಾಗೆ ಮುಟ್ಟಿದೆ" ಅನ್ನುತ್ತಿದ್ದಳು. ನಾನು ಸಿಟ್ಟಿನಿಂದ ಹಿತ್ತಲಿನ ಕಾಗೆಗಳಿಗೆಲ್ಲ ಕಲ್ಲು ಬೀಸುತ್ತಿದ್ದೆ. ಅಮ್ಮ ಕೋಣೆಯೊಳಗಿಂದ ನಗುತ್ತಾ, "ಹೊಡೀಬೇಡ್ವೇ ಸುಧಾ, ಬರ್ಲಿ ಬಿಡು ಅದು" ಅನ್ನುತ್ತಿದ್ದಳು.

ಮೊನ್ನೆ ನಮ್ಮ ಟೀಚರುಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ 'ಬಿಡುವಿಲ್ಲದ ತಾಯಂದಿರಿಗೆ ಟಿಪ್ಸ್' ಅಂತ ಹಾಕಿದ್ದರು. ತರಕಾರಿ ಹಿಂದಿನ ದಿನವೇ ಹೆಚ್ಚಿಡಿ, ಮಕ್ಕಳಿಗೂ ಸಣ್ಣಪುಟ್ಟ ಕೆಲಸ ಹಂಚಿ, ನಿಮಗಾಗಿ ದಿನಕ್ಕೆ ಅರ್ಧ ಗಂಟೆ ತೆಗೆದಿಡಿ. ತೆಗೆದಿಡಿ ಅಂತೆ! ಎಲ್ಲಿಂದ ತೆಗೆಯಬೇಕು, ಅಕ್ಕಿ ಡಬ್ಬದಿಂದಲೋ? ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತು ಅದನ್ನು ಓದಿದಾಗ ನನಗೆ ಅಳುವೇ ಬಂತು. ಅಮ್ಮ ಪರೀಕ್ಷೆಗೆ ಓದಿದ ಆ ಬೇಸಿಗೆ ನೆನಪಾಯಿತು.

ನಮ್ಮ ಮನೆ ಇದ್ದದ್ದು ತೀರ್ಥಹಳ್ಳಿಯಲ್ಲಿ, ಹೊಳೆ ಕಡೆಗೆ ಇಳಿಯುವ ಕೇರಿಯಲ್ಲಿ. ಅಪ್ಪ ದೇವಸ್ಥಾನದ ಅರ್ಚಕರು. ನೈವೇದ್ಯದ ಅನ್ನ ನಮ್ಮ ಮನೆಯಿಂದಲೇ, ಮಡಿಯಲ್ಲೇ ಬೆಂದು ಹೋಗಬೇಕು. ಅಮ್ಮ ಹೊಸನಗರದ ಕಡೆಯವಳು. ಮದುವೆಗೆ ಮುಂಚೆಯೇ ಟೀಚರ್ ಟ್ರೈನಿಂಗ್ ಮುಗಿಸಿದ್ದವಳು. ಆ ವರ್ಷ ಸರ್ಕಾರಿ ಶಾಲೆಯ ಕೆಲಸಕ್ಕೆ ಪರೀಕ್ಷೆ ಕರೆದರು. ವಯಸ್ಸಿನ ಮಿತಿ ನೋಡಿದರೆ ಅಮ್ಮನಿಗೆ ಅದೇ ಕೊನೆಯ ಅವಕಾಶ. ಅರ್ಜಿ ಹಾಕಿ ಬಂದ ದಿನ ಅವಳು ಅಡುಗೆಮನೆಯಲ್ಲಿ ಸಣ್ಣಗೆ ಹಾಡು ಹೇಳಿಕೊಳ್ಳುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ.

ಓದುವುದಕ್ಕೆ ಹೊತ್ತು ಬೇಕಿತ್ತು. ಅಮ್ಮ ಅಜ್ಜಿಯನ್ನು ಕೇಳಿದಳು: "ಅತ್ತೆ, ಹದಿನೈದು ದಿನ ತವರಿಗೆ ಹೋಗಿ ಓದ್ಕೊಂಡು ಬರ್ಲಾ?"

"ನೈವೇದ್ಯ ಯಾರು ಬೇಯ್ಸೋದು? ನನ್ನ ಮಂಡಿ ನೋಡಿದ್ಯಾ?" ಅಂದಳು ಅಜ್ಜಿ. ಸುಳ್ಳೇನಲ್ಲ, ಅವಳ ಮಂಡಿ ಎರಡೂ ಊದಿಕೊಂಡಿರುತ್ತಿದ್ದವು. ವಾರ ಬಿಟ್ಟು ಅಮ್ಮ ಇನ್ನೊಮ್ಮೆ ಕೇಳಿದಾಗ ಅಜ್ಜಿ ತಲೆಯೆತ್ತದೆ ಅಲಸಂದೆ ಮುರಿಯುತ್ತಾ ಕೂತಳು. ಅಪ್ಪ ಪಂಚಾಂಗ ನೋಡುತ್ತಿದ್ದರು.

ಅಮ್ಮನ ಹತ್ತಿರವೂ ಟಿಪ್ಸ್ ಇದ್ದವು ಮತ್ತೆ. ಮಡಿಯಲ್ಲಿದ್ದಾಗ ಪುಸ್ತಕ ಮುಟ್ಟಬಾರದು ಅನ್ನುವುದು ಅಜ್ಜಿಯ ಕಟ್ಟಪ್ಪಣೆ. ಅದಕ್ಕೆ ನಾನು ಹೊಸ್ತಿಲ ಆಚೆ ಕೂತು ಗೈಡಿನ ಪ್ರಶ್ನೆ ಓದುತ್ತಿದ್ದೆ, ಅಮ್ಮ ಕಾಯಿ ತುರಿಯುತ್ತಾ ಉತ್ತರ ಹೇಳುತ್ತಿದ್ದಳು. ತಪ್ಪಿದರೆ ತುರಿಮಣೆಯ ಮೇಲೆ ಕೈ ನಿಲ್ಲುತ್ತಿತ್ತು. "ಇನ್ನೊಂದ್ಸಲ ಓದು, ಕೂಸೇ." ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಗೆ ಮುಖ್ಯ ವಿಷಯ ಬರೆದು ಬಚ್ಚಲಿನ ಬಾಗಿಲ ಹಿಂದೆ ಅಂಟಿಸಿದ್ದಳು. ಹಂಡೆಗೆ ಬೆಂಕಿ ಹಾಕುತ್ತಾ, ಹೊಗೆಗೆ ಕಣ್ಣು ಉಜ್ಜಿಕೊಳ್ಳುತ್ತಾ ಅದನ್ನೇ ಗಟ್ಟು ಹೊಡೆಯುತ್ತಿದ್ದಳು. ಇಷ್ಟಾದರೂ ಅರ್ಧ ಪುಸ್ತಕ ಹಾಗೇ ಉಳಿದಿತ್ತು. ಒಂದು ಬೆಳಗ್ಗೆ ಕಾವಲಿ ಮೇಲೆ ದೋಸೆ ಸೀದು ಕರಿಯಾದರೂ ಅವಳಿಗೆ ಗೊತ್ತಾಗಲಿಲ್ಲ. ನೋಡಿದರೆ ಒಲೆ ಮುಂದೆ ನಿಂತಲ್ಲೇ ತೂಕಡಿಸುತ್ತಿದ್ದಳು.

ಅದೇ ಸಮಯಕ್ಕೆ ಹೊಸನಗರದಿಂದ ಮಾವ ಬಸ್ಸಿನಲ್ಲಿ ಎರಡು ಚೀಲ ಅಪ್ಪೆಮಿಡಿ ತಂದಿಳಿಸಿದರು. ಹೊಳೆದಂಡೆಯ ಮಾವಿನ ಮರದ್ದು. ತೊಟ್ಟು ಮುರಿದರೆ ಸೊನೆಯ ಘಮ ಜಗಲಿಗೆಲ್ಲ ಬರುತ್ತಿತ್ತು. ಮಿಡಿ ಉಪ್ಪಿನಕಾಯಿ ಹಾಕುವ ಕೆಲಸಕ್ಕೆ ಅಜ್ಜಿ ಬೇರೆ ಯಾರನ್ನೂ ಸೇರಿಸುತ್ತಿರಲಿಲ್ಲ. ಉಪ್ಪಿನಲ್ಲಿ ಹಾಕಿ, ಸುಕ್ಕುಗಟ್ಟುವವರೆಗೆ ಕಾದು, ಸಾಸಿವೆ ಮೆಣಸು ತಾನೇ ಅರೆದು, ಮಂಡಿ ಹಿಡಿದುಕೊಂಡು ಎದ್ದು ಕೂತು ಎರಡು ಭರಣಿ ತುಂಬಿಸಿ ಬಾಯಿಗೆ ಬಿಳಿ ಬಟ್ಟೆ ಕಟ್ಟಿದಳು. ವರ್ಷವಿಡೀ ಮನೆಗೆ ಬರುವವರ ಎಲೆಯ ತುದಿಗೆ ಅದೇ ಬೀಳಬೇಕು. "ನೀರು ಕೈ, ಮೈಲಿಗೆ ಕೈ ಎರಡೂ ಸೋಕಬಾರ್ದು ನೋಡು" ಅಂತ ನನ್ನ ಕಿವಿ ಹಿಂಡಿ ಹೇಳಿದ್ದಳು.

ಪರೀಕ್ಷೆಗೆ ಹತ್ತು ದಿನ ಇದೆ ಅನ್ನುವಾಗ ಅಮ್ಮ ಮತ್ತೆ ಹಿತ್ತಲ ಕೋಣೆಯಲ್ಲಿ ಚಾಪೆ ಹಾಸಿದಳು.

"ಎಂಥದೇ ಇದು, ಮೊನ್ನೆ ಮೊನ್ನೆ ತಲೆಗೆ ಸ್ನಾನ ಮಾಡಿದ್ಯಲ್ಲೇ?" ಅಜ್ಜಿ ಗಾಬರಿಯಾದಳು.

"ಗೊತ್ತಿಲ್ಲ ಅತ್ತೆ. ಮೈ ಸರಿ ಇಲ್ಲ" ಅಂದಳು ಅಮ್ಮ.

ಅಜ್ಜಿ ಬೈಯಲಿಲ್ಲ. ಅಶೋಕದ ಚಕ್ಕೆ ಜಜ್ಜಿ, ಕುದಿಸಿ ಕಷಾಯ ಮಾಡಿದಳು. ನೈವೇದ್ಯವನ್ನೂ ತಾನೇ ಬೇಯಿಸಿ, ಕುಂಟುತ್ತಾ ಬಂದು ಬೆಳಗ್ಗೆ ಸಂಜೆ ಲೋಟವನ್ನು ಕೋಣೆಯ ಬಾಗಿಲಲ್ಲಿಟ್ಟು ದೂರ ನಿಲ್ಲುತ್ತಿದ್ದಳು. "ಕುಡಿ ಮಾರಾಯ್ತಿ. ಮೈಯಲ್ಲಿ ರಕ್ತ ಇಲ್ದಿದ್ರೆ ಪರೀಕ್ಷೆ ಬರೆಯೋದು ಹ್ಯಾಗೆ?" ಅಮ್ಮ ತಲೆ ತಗ್ಗಿಸಿ, ಮುಖ ಕಿವುಚಿ ಅಷ್ಟೂ ಕುಡಿಯುತ್ತಿದ್ದಳು. ಆಮೇಲೆ ಗೋಡೆಗೆ ಒರಗಿ ಪುಸ್ತಕ ತೆರೆದರೆ ಕಣ್ಣು ಮೇಲೆತ್ತುತ್ತಿರಲಿಲ್ಲ.

ಎರಡನೇ ದಿನ ದೇವಸ್ಥಾನದಲ್ಲಿ ಯಾರದೋ ವಿಶೇಷ ಪೂಜೆ. ಅಜ್ಜಿಯೂ ಹೊರಟಳು. ಹೋಗುವಾಗ ನನಗೆ ಹೇಳಿದಳು: "ಹನ್ನೆರಡಕ್ಕೆ ಪುಟ್ಟಿಗೆ ಮೊಸರನ್ನ ಕಲ್ಸಿ ಉಣ್ಸು. ನಿನ್ನಮ್ಮ ಎದ್ದು ಬರೋ ಹಾಗೆ ಮಾಡ್ಬೇಡ."

"ಹೂಂ ಅಜ್ಜಿ" ಅಂದೆ. ಅವಳು ಕೇರಿ ತಿರುಗಿದ ಕೂಡಲೇ ಹಂಚಿನ ಬಿಲ್ಲೆ ಹಿಡಿದು ಪಕ್ಕದ ಮನೆಯ ಅಂಗಳಕ್ಕೆ ಕುಂಟೆಬಿಲ್ಲೆ ಆಡಲು ಓಡಿದೆ. ಹನ್ನೆರಡು ಯಾವಾಗ ಆಯಿತೋ, ಒಂದು ಯಾವಾಗ ದಾಟಿತೋ. ಕೇರಿಯ ತುದಿಯಲ್ಲಿ ಅಜ್ಜಿಯ ದನಿ ಕೇಳಿಸಿದಾಗಲೇ ಪುಟ್ಟಿಯ ನೆನಪಾದದ್ದು. ಹಿತ್ತಲ ಬಾಗಿಲಿಂದ ಒಳಗೆ ನುಗ್ಗಿದೆ.

ಅಡುಗೆಮನೆಯ ನೆಲದ ಮೇಲೆ ಪುಟ್ಟಿ ತಟ್ಟೆ ಮುಂದೆ ಕೂತು ಬಿಕ್ಕುತ್ತಿದ್ದಳು. ಅಮ್ಮ ಪುಸ್ತಕವನ್ನು ಕಂಕುಳಲ್ಲಿ ಒತ್ತಿ ಹಿಡಿದು, ಬಾಯಲ್ಲಿ ಏನೋ ಗೊಣಗುತ್ತಾ, ಮಿಡಿ ಭರಣಿಯೊಳಗೆ ಸೌಟು ಇಳಿಬಿಟ್ಟಿದ್ದಳು. ಪುಟ್ಟಿಗೆ ಮಿಡಿಯಿಲ್ಲದೆ ಅನ್ನ ಇಳಿಯುತ್ತಿರಲಿಲ್ಲ. ಹಸಿದ ಮಗು ಅತ್ತಿದೆ, ಓದಿನ ಗುಂಗಿನಲ್ಲಿದ್ದ ಅಮ್ಮ ತಾನು ದೂರ ಕೂತವಳು ಅನ್ನುವುದನ್ನೇ ಮರೆತು ಎದ್ದು ಬಂದಿದ್ದಾಳೆ. ಅಜ್ಜಿ ಮುಂಬಾಗಿಲು ದಾಟಿದ್ದಳು. ಇನ್ನು ನನಗೆ ಪೂಜೆ ಗ್ಯಾರಂಟಿ. ಆ ಪೂಜೆ ತಪ್ಪಿಸಿಕೊಳ್ಳಲು ನಾನೇ ಮೊದಲು ಕಿರುಚಿದೆ:

"ಅಜ್ಜೀ! ಅಮ್ಮ ಮಿಡಿ ಭರಣಿ ಮುಟ್ಟಿದ್ಲು!"

ಅಜ್ಜಿ ಬಂದು ನಿಂತಳು. ಕೊಡಪಾನಗಳ ನೀರನ್ನೆಲ್ಲ ಒಂದೊಂದಾಗಿ ಹಿತ್ತಲಿಗೆ ಚೆಲ್ಲಿದಳು. ಅನ್ನದ ಪಾತ್ರೆ ಹೊರಗಿಟ್ಟಳು. ಆಮೇಲೆ ಭರಣಿಗಳ ಮುಂದೆ ಕುಕ್ಕರಿಸಿ, "ಸುಧಾ, ಗುದ್ದಲಿ ತಗೊಂಡ್ಬಾ. ತೆಂಗಿನ ಬುಡದಲ್ಲಿ ಗುಂಡಿ ತೋಡ್ಬೇಕು" ಅಂದಳು. "ಇನ್ನೊಂದು ವರ್ಷ ನನ್ನ ಕೈಲಿ ಆಗುತ್ತೋ ಇಲ್ವೋ" ಅಂತ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಜ್ಜಿ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಅಮ್ಮ ಸೌಟು ಹಿಡಿದುಕೊಂಡೇ ನಿಂತಿದ್ದಳು. ಸುಮ್ಮನಿದ್ದಿದ್ದರೆ ಅವಳಿಗೆ ಓದಲು ಇನ್ನೂ ಒಂದೂವರೆ ದಿನ ಉಳಿಯುತ್ತಿತ್ತು.

"ಚೆಲ್ಬೇಡಿ ಅತ್ತೆ" ಅಂದಳು. "ನಾನು ಹೊರಗಾಗಿಲ್ಲ."

"ಹಂಗಂದ್ರೆ?"

"ಸುಳ್ಳು ಹೇಳಿದ್ದೆ. ಓದೋದಕ್ಕೆ."

ಅಜ್ಜಿ ಅವಳನ್ನೇ ನೋಡಿದಳು. "ಕಷಾಯ?"

"ಕುಡ್ದೆ."

"ಬಾಯಿ ಬಿಟ್ಟು ಕೇಳಿದ್ರೆ ನಾನು ಬೇಡ ಅಂತಿದ್ನೇನೇ?"

"ಕೇಳಿದ್ದೆ ಅತ್ತೆ. ಎರಡು ಸಲ."

ಅಜ್ಜಿ ಭರಣಿಯ ಬಾಯಿಗೆ ನಿಧಾನವಾಗಿ ಬಟ್ಟೆ ಕಟ್ಟಿದಳು. ಗೋಡೆ ಹಿಡಿದು ಎದ್ದಳು. "ಹಂಗಾರೆ ಸ್ನಾನ ಮಾಡಿ ಮಡಿ ಉಟ್ಕೋ. ಅಡುಗೆ ಮತ್ತೆ ಆಗ್ಬೇಕು" ಅಂದಳು. ಅಮ್ಮ ಪುಸ್ತಕವನ್ನು ಅಟ್ಟಣಿಗೆಯ ಮೇಲಿಟ್ಟು ಬಚ್ಚಲಿಗೆ ಹೋದಳು. ಬಾಗಿಲ ಹಿಂದಿನ ಕ್ಯಾಲೆಂಡರ್ ಹಾಳೆಗಳು ಅವತ್ತೇ ಹಂಡೆಯ ಒಲೆಗೆ ಹೋದವು. ನನಗೆ ಬೈಯುವುದು ಎಲ್ಲರಿಗೂ ಮರೆತೇ ಹೋಯಿತು.

ಮಾರನೇ ದಿನ ನಾನು ಗೈಡ್ ತೆಗೆದು ಹೊಸ್ತಿಲಲ್ಲಿ ಕೂತು ಪ್ರಶ್ನೆ ಓದಿದೆ. ಅಮ್ಮ ತಿರುಗಿ ನೋಡದೆ, "ಇವತ್ತು ಬೇಡ ಕೂಸೇ" ಅಂದಳು. ಅದರ ಮಾರನೇ ದಿನವೂ ಬೇಡವಾಯಿತು. ಪರೀಕ್ಷೆಯ ದಿನ ಅಪ್ಪ ಅವಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಹೋಗುವಾಗಲೂ ಬರುವಾಗಲೂ ಬಸ್ಸಿನಲ್ಲಿ ನಿದ್ದೆ ಮಾಡಿದಳಂತೆ. ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಆ ವರ್ಷದ ಮಿಡಿ ತುಂಬಾ ಚೆನ್ನಾಗಿದೆ ಅಂತ ಉಂಡವರೆಲ್ಲ ಹೊಗಳಿದರು. ಅಮ್ಮ ಎಲ್ಲರಿಗೂ ಬಡಿಸಿದಳು, ತಾನು ಮಾತ್ರ ಬಾಯಿಗೆ ಹಾಕಲಿಲ್ಲ.

ಅವಳು ಬಯಸಿದ ಕೆಲಸ ನನಗೆ ಸಿಕ್ಕಿತು. ಗಂಡನ ಮನೆ ಸಾಗರದಲ್ಲಿ, ಶಾಲೆ ಹೊಸನಗರದ ಹಾದಿಯಲ್ಲಿ. ದಿನಾ ಬಸ್ಸು. ನಮ್ಮನೆಯಲ್ಲಿ ದೂರ ಕೂರುವ ಪದ್ಧತಿಯನ್ನು ಮದುವೆಯಾದ ಮೊದಲ ತಿಂಗಳೇ ಜಗಳವಾಡಿ ಬಿಡಿಸಿದೆ. ಅದು ಹೋದದ್ದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ, ಹಾಳಾಗಿ ಹೋಗಲಿ. ಆದರೆ ಸೊಂಟ ಹಿಡಿದುಕೊಂಡು ಒಲೆ ಮುಂದೆ ನಿಲ್ಲುವ ಆ ಮೂರು ದಿನ, ಇವತ್ತು ಅಡುಗೆ ನಾನು ಮಾಡ್ತೀನಿ ಅನ್ನುವವರು ಒಬ್ಬರೂ ಇಲ್ಲ. ಯಾರೂ ಮುಟ್ಟದ ಚಾಪೆಯೊಂದಿತ್ತಲ್ಲ, ಅದು ಹೋಯಿತು. ಅದರ ಜಾಗಕ್ಕೆ ಏನೂ ಬರಲಿಲ್ಲ.

ಆ ಟಿಪ್ಸ್ ಓದಿದ ಮರುದಿನ ಭಾನುವಾರ, ತಡೆಯಲಾರದೆ ಅಮ್ಮನಿಗೆ ಫೋನ್ ಮಾಡಿದೆ. ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಅಮ್ಮನಿಗೆ ಮುಟ್ಟು ನಿಂತೂ ಬಹಳ ಕಾಲವಾಯಿತು. ಅವಳಿಗೀಗ ಆ ಮೂರು ದಿನವೂ ಇಲ್ಲ. ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ: "ಅಮ್ಮಾ, ಅವತ್ತು ನಾನು ಮಡಿ ಮೈಲಿಗೆ ಅಂತ ಕೂಗಿದ್ದಲ್ಲ. ಆಟಕ್ಕೆ ಹೋಗಿದ್ದೆ, ಬೈತಾರೆ ಅಂತ ಕೂಗಿದ್ದು."

"ಗೊತ್ತಿತ್ತು. ನಿನ್ನ ಕೈಯಲ್ಲಿ ಇನ್ನೂ ಬಿಲ್ಲೆ ಇತ್ತು" ಅಂದಳು ಅಮ್ಮ.

"ಮತ್ತೆ ಒಂದು ಮಾತೂ ಬೈಲಿಲ್ವಲ್ಲ ನೀನು? ಎರಡು ಏಟಾದ್ರೂ ಹಾಕ್ಬೇಕಿತ್ತು."

"ಟೈಮ್ ಎಲ್ಲಿತ್ತು ಮಾರಾಯ್ತಿ?" ಅಂದಳು. ಹಿಂದಿನಿಂದ ಅಪ್ಪ ಕೂಗುವುದು ಕೇಳಿಸಿತು. ನೈವೇದ್ಯಕ್ಕೆ ಹೊತ್ತಾಯಿತು ಅಂತ ಅಮ್ಮ ಫೋನ್ ಇಟ್ಟಳು.