ರುದ್ರೇಶ ಹೋದ ಬೆಳಿಗ್ಗೆ ನಾನು ಕೇಳಿದ ಪ್ರಶ್ನೆ

ಇಲ್ಲ... ಇನ್ನೂ ನಂಬಿಕೆ ಬರುತ್ತಿಲ್ಲ.
ನಿನ್ನೆ ಸಂಜೆ ಫೋನಿನಲ್ಲಿ ನನಗೆ ಚೆನ್ನಾಗಿ ಬೈದವನು ಇವತ್ತು ಇಲ್ಲ ಅಂದರೆ...

ನಮ್ಮ ರುದ್ರೇಶ ಹೋಗಿಬಿಟ್ಟ.
ಹಿರಿಯೂರಿನ ಮನೆಯಲ್ಲೇ... ಹಾರ್ಟ್ ಅಟ್ಯಾಕ್.
ಆಸ್ಪತ್ರೆಗೆ ಕರೆದೊಯ್ಯುವಷ್ಟೂ ಟೈಮ್ ಕೊಡಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ನಾವಿಬ್ಬರೂ ಅಂತರ್ಜಲ ಸರ್ವೆ ಮಾಡುವವರು.
ಹೊಲದಲ್ಲಿ ಸರಳು ನೆಟ್ಟು, ವೈರ್ ಎಳೆದು, ನೆಲಕ್ಕೆ ಕರೆಂಟ್ ಬಿಟ್ಟು ರೀಡಿಂಗ್ ತರುವವನು ನಾನು.
ಆ ರೀಡಿಂಗ್ ಇಟ್ಟುಕೊಂಡು, ಕೆಳಗೆ ಯಾವ ಪದರ ಎಷ್ಟು ದಪ್ಪ ಇದೆ ಅಂತ ಕಂಪ್ಯೂಟರಿನಲ್ಲಿ ಮಾಡಲ್ ಕಟ್ಟುವವನು ಅವನು.

ಒಂದೇ ರೀಡಿಂಗಿಗೆ ಎರಡು ಮೂರು ಮಾಡಲ್ ಹೊಂದುತ್ತವೆ.
ನೀರಿರುವ ಸಡಿಲ ಕಲ್ಲೂ, ಬರೀ ಜೇಡಿಮಣ್ಣೂ ಗ್ರಾಫಿನಲ್ಲಿ ಒಂದೇ ಥರ ಗೆರೆ ತೋರಿಸಬಹುದು.
ನನಗೆ ಯಾವಾಗಲೂ ಅವಸರ... ರೀಡಿಂಗಿನ ಗೆರೆಗೆ ಮಾಡಲಿನ ಗೆರೆ ಕೂಡಿದರೆ ಸಾಕು, "ರಿಪೋರ್ಟ್ ಕಳ್ಸು ಲೇ" ಅನ್ನುವವನು.
ಅವನು ಬಿಡುತ್ತಿರಲಿಲ್ಲ.
"ಗೆರೆ ಕೂಡಿದ್ರೆ ಆತೇನಲೇ? ಅಲ್ಲೇ ಹಾಳುಬಾವಿ ಐತಲ್ಲ, ಇಳಿದು ಯಾವ ಮಣ್ಣು ಐತೆ ನೋಡ್ಕಂಡು ಬಾ ಹೋಗು!"

ನಿನ್ನೆ ಬೈದದ್ದೂ ಅದಕ್ಕೇ.
ಶ್ರೀರಾಂಪುರದ ಹತ್ತಿರದ ಒಂದು ಊರಿಗೆ ಕುಡಿಯುವ ನೀರಿನ ಬೋರ್.
ನಾಳೆ ಬೋರ್ ಕೊರೆಯುವ ಲಾರಿ ಬರುವುದಿತ್ತು. ನಾನು ಅಲ್ಲಿನ ಹಾಳುಬಾವಿ ನೋಡದೆ ಬಂದಿದ್ದೆ.

ಬೆಳಿಗ್ಗೆ ಅವನ ಹೆಂಡತಿ ಗಿರಿಜಮ್ಮ ಫೋನ್ ಮಾಡಿದರು.
"ಅಣ್ಣಾ... ನಿಮ್ ಫ್ರೆಂಡ್ ಹೋಗ್ಬಿಟ್ರು ಅಣ್ಣಾ..."

ಹೇಗೆ ಬರೆಯಲಿ ಇದನ್ನು...
ನನ್ನ ಬಾಯಿಂದ ಮೊದಲು ಬಂದ ಮಾತು:
"ಅಯ್ಯೋ... ಶ್ರೀರಾಂಪುರದ ಮಾಡಲ್ ಮುಗ್ಸಿದ್ನೇನಮ್ಮ?"


ಅವರು ಅಳುತ್ತಲೇ, "ತಡೀರಣ್ಣ, ನೋಡಿ ಹೇಳ್ತೀನಿ" ಅಂದರು.
ಗಂಡನ ದೇಹ ನಡುಮನೆಯಲ್ಲಿರುವಾಗ ಆ ತಾಯಿ ಲ್ಯಾಪ್‌ಟಾಪ್ ತೆಗೆದರು!
"ಎರಡು ಚಿತ್ರ ಅವೆ ಅಣ್ಣ... ಯಾವ್ದು ಅಂತ ನಂಗೆ ಗೊತ್ತಾಗಲ್ಲ..."
ನಾಚಿಕೆಯಿಂದ ಫೋನ್ ಇಟ್ಟುಬಿಟ್ಟೆ. ಲಾರಿಯವರಿಗೆ ಬರಬೇಡಿ ಅಂದೆ.

ಲೇ ರುದ್ರೇಶ...
ಮಧ್ಯಾಹ್ನ ಬಂದು ನಿನ್ನ ಮುಂದೆ ನಿಂತೆ.
ನಿನ್ನನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಹಣೆ ತುಂಬ ವಿಭೂತಿ.
ಮುಖ ಎತ್ತಿ ನೋಡಲು ಆಗಲಿಲ್ಲ ಕಣೋ.

ಗಿರಿಜಮ್ಮನಿಗೆ "ತಪ್ಪಾತಮ್ಮ" ಅಂದೆ.
"ಬಿಡ್ರಣ್ಣ... ನಿಮ್ ಜಾಗದಾಗೆ ಅವರಿದ್ದಿದ್ರೂ ಅದ್ನೇ ಕೇಳ್ತಿದ್ರು" ಅಂದರು.

ಇಲ್ಲ. ನೀನು ಕೇಳುತ್ತಿರಲಿಲ್ಲ.
ನಮ್ಮವ್ವ ತೀರಿಕೊಂಡಾಗ ಹೊರಕೆರೆದೇವಪುರದ ಸರ್ವೆ ಅರ್ಧಕ್ಕೇ ನಿಂತಿತ್ತು.
ನೀನು ಬಂದೆ. ಹೆಗಲು ಕೊಟ್ಟೆ. ಕಾರ್ಯ ಮುಗಿಯುವವರೆಗೂ ಕೆಲಸದ ಸುದ್ದಿ ಎತ್ತಲಿಲ್ಲ.
ಉಳಿದ ವೈರನ್ನು ಬಿಸಿಲಲ್ಲಿ ನೀನೇ ಎಳೆದು ಮುಗಿಸಿದೆ ಅಂತ ಆ ಊರಿನವರು ಹೇಳಿದ ಮೇಲೇ ನನಗೆ ಗೊತ್ತಾಗಿದ್ದು.

ನನ್ನ ಸಮಾಧಾನಕ್ಕೆ ಗಿರಿಜಮ್ಮ ನಿನ್ನನ್ನು ನನ್ನಷ್ಟು ಸಣ್ಣವನನ್ನಾಗಿ ಮಾಡಿದರು...
ನಾನು ಸುಮ್ಮನೆ ತಲೆಯಾಡಿಸಿ ಬಂದೆ.
ಅಲ್ಲಿ ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ, ಎಲ್ಲರೆದುರು ಹೇಳುತ್ತಿದ್ದೇನೆ...
ನೀನು ಕೇಳುತ್ತಿರಲಿಲ್ಲ.

ಸಂಜೆ ಬಬ್ಬೂರಿನ ಅವರ ಹೊಲದಲ್ಲಿ ಮಣ್ಣು. ಆದವರು ಬನ್ನಿ.

ಹೋಗಿ ಬಾ ಗೆಳೆಯಾ...
ಶಿವನ ಪಾದದಲ್ಲಿ ತಣ್ಣಗಿರು. 🙏