ಎಡಗೈಯ ‘ಮ’

ಶಿಡ್ಲಘಟ್ಟದ ಓಬಳಮ್ಮ ಮೂವತ್ತು ವರ್ಷ ರೇಷ್ಮೆಗೂಡಿನಿಂದ ನೂಲು ಬಿಚ್ಚಿದವಳು. ಬಿಸಿನೀರಿನಲ್ಲಿ ಬೆಂದ ಆ ಬೆರಳುಗಳಲ್ಲಿ ಸೂಜಿ ಎಲ್ಲಿ ನಿಲ್ಲುತ್ತದೆ ಎಂದು ಓಣಿಯವರು ಆಡಿಕೊಂಡಿದ್ದರು. ಅವಳು ಯಾರ ಮುಂದೆಯೂ ಕೂತು ಕಲಿಯಲಿಲ್ಲ. ಹಳೆಯ ಕಸೂತಿಗಳ ಬೆನ್ನು ತಿರುಗಿಸಿ ನೋಡಿಯೇ ಕಲಿತಳು. ಈಗ ಅಜ್ಜಿಯರ ಕಾಲದ ಕಸೂತಿಯನ್ನು ಹೊಸ ಬಟ್ಟೆಯ ಮೇಲೆ ರೇಷ್ಮೆ ನೂಲಿನಲ್ಲಿ ಇದ್ದದ್ದು ಇದ್ದಂತೆ ಹೊಲಿಸಿಕೊಳ್ಳಲು ಜನ ಅವಳ ಬಾಗಿಲಿಗೇ ಬರುತ್ತಾರೆ.

ಆ ಸಲ ಬಂದವಳು ಚಿಂತಾಮಣಿಯ ಮಹತಿ. ತಂದದ್ದು ಅವಳಜ್ಜಿ ರಾಧಮ್ಮ ಹತ್ತು ವರ್ಷದವಳಿದ್ದಾಗ ಶಾಲೆಯಲ್ಲಿ ಹೊಲಿದ ಅಕ್ಷರಮಾಲೆ. ಬಟ್ಟೆ ಹುಳು ತಿಂದು ಜಾಳಾಗಿತ್ತು.

“ಎಲ್ಲಾ ಇದ್ದಂತೆ ಹೊಲೀರಿ, ಈ ‘ಮ’ ಒಂದನ್ನ ಮಾತ್ರ ಸರಿಮಾಡ್ಬಿಡಿ ಓಬಳಮ್ಮನೋರೆ. ತೆಲುಗು ತಲೆಕಟ್ಟು ಬಿದ್ದಿದೆ. ಫ್ರೇಮ್ ಹಾಕ್ಸಿದ್ರೆ ನೋಡಿದೋರು ನಗ್ತಾರೆ.”

ನಿಜ. ಉಳಿದ ಅಕ್ಷರಗಳಿಗೆ ಕನ್ನಡದ ಅಡ್ಡ ತಲೆಕಟ್ಟು; ಇದೊಂದಕ್ಕೆ ಮೇಷ್ಟ್ರು ಹಾಕುವ ರೈಟ್ ಗುರುತಿನಂಥದ್ದು.

ಮಹತಿ ಹೋದ ಮೇಲೆ ಓಬಳಮ್ಮ ಬಟ್ಟೆಯ ಬೆನ್ನು ನೋಡಿದಳು. ಎಲ್ಲೂ ಗಂಟಿಲ್ಲ, ‘ಮ’ದ ಹಿಂದೆ ಮಾತ್ರ ಕಡಲೆಕಾಳಿನಂಥ ಗಂಟು. ಎಲ್ಲ ಹೊಲಿಗೆಯೂ ಬಲಕ್ಕೆ ವಾಲಿದ್ದರೆ ಇದು ಎಡಕ್ಕೆ ವಾಲಿತ್ತು. ಇದು ಬೇರೆ ಕೈ, ಎಡಗೈ! ಯಾರದು? ಸರಿಮಾಡಿದರೆ ಆ ಕೈಯ ಗುರುತೇ ಅಳಿಸಿಹೋಗುತ್ತದಲ್ಲ? ಹೊಸ ಬಟ್ಟೆಯ ಮೇಲೆ ಉಳಿದದ್ದನ್ನೆಲ್ಲ ಹೊಲಿದು, ‘ಮ’ದ ಜಾಗ ಖಾಲಿ ಬಿಟ್ಟು, ಚಿಂತಾಮಣಿಯ ಬಸ್ಸು ಹತ್ತಿದಳು.

ರಾಧಮ್ಮನಿಗೆ ಕಣ್ಣು ಮಂಜಾಗಿತ್ತು.

“ರಾಧಮ್ಮನೋರೆ, ನಿಮ್ಮ ಕ್ಲಾಸಲ್ಲಿ ಎಡಚಿ ಯಾರಿದ್ರು?”

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. “ಅಯ್ಯೋ, ಮಂಗಿ ಕಣಮ್ಮ! ಮಂಗಮ್ಮ. ತಾತನ ಹತ್ರ ತೆಲುಗು ತಿದ್ದಿ ಬಂದೋಳು. ‘ನನ್ನಕ್ಷರ ನಾನೇ ಹೊಲೀತೀನಿ’ ಅಂತ ಬಟ್ಟೆ ಕಿತ್ಕೊಂಡ್ಲು. ಮೇಡಮ್ಮು ಬಿಚ್ಚೇ ಅಂತ ಕಿವಿ ಹಿಂಡಿದ್ರು, ನಾನು ಬಿಚ್ಲಿಲ್ಲ. ಆಮೇಲೆ ಅವಳನ್ನ ಕದಿರಿ ಕಡೆ ಮದುವೆ ಮಾಡಿ ಕಳಿಸಿದ್ರು. ಮತ್ತೆ ನೋಡೇ ಇಲ್ಲ.”

ಮಹತಿ ಹಳೆಯ ಬಟ್ಟೆಯನ್ನು ಓಬಳಮ್ಮನ ಮುಂದೆ ಹಾಸಿದಳು. “ಈ ‘ಮ’ ಕೂಡ ಇದ್ದ ಹಾಗೇ ಇರ್ಲಿ,” ಎಂದಳು.

ಓಬಳಮ್ಮ ಅಲ್ಲೇ ಕೂತು, ನೂಲಿಗೆ ಗಂಟು ಹಾಕಿ, ಸೂಜಿಯನ್ನು ಎಡಗೈಗೆ ಬದಲಾಯಿಸಿದಳು. ಮೂರು ಸಲ ಚುಚ್ಚಿಕೊಂಡಳು. ಮುಗಿಸಿ ಬಟ್ಟೆ ಕೊಟ್ಟಾಗ ರಾಧಮ್ಮ ‘ಮ’ದ ಮೇಲೆ ಬೆರಳಾಡಿಸಿ ತಲೆ ಅಲ್ಲಾಡಿಸಿದಳು.

“ಬಿಚ್ಚಿ ಇನ್ನೂ ಸೊಟ್ಟ ಹೊಲಿಯಮ್ಮ. ಮಂಗಿ ಇಷ್ಟು ನೀಟು ಇರ್ಲಿಲ್ಲ.”